ಅಂಗಡಿಯ ಸರ್ವರಿಗೆ ಯಂತ್ರವನ್ನು ಆರಿಸುವ ಬಗೆ

ಅಫಜಲಪುರದಂಥ ಊರಿನಲ್ಲಿ ಅಡತಿಯವರೂ ಬೀಜ-ಗೊಬ್ಬರದ ವರ್ತಕರೂ ತಮ್ಮ ಲೆಕ್ಕವನ್ನು ಈಗ ಗಣಕಯಂತ್ರದಲ್ಲಿ ಇಡುತ್ತಿದ್ದಾರೆ. 2017ರ ಜುಲೈ 1ರಂದು ಜಿ.ಎಸ್.ಟಿ. ಜಾರಿಗೆ ಬಂದ ತರುವಾಯ ಇದು ಅನಿವಾರ್ಯವೂ ಆಗಿದೆ. ಅಂಗಡಿಯಲ್ಲಿ ಎರಡು ಮೂರು ಯಂತ್ರಗಳಿದ್ದರೆ, ಅವೆಲ್ಲದರ ಕಡತಗಳನ್ನು ಒಂದೆಡೆ ಕಾದಿರಿಸಿ, ಬೇಕಾದಾಗ ಒದಗಿಸುವ ಇನ್ನೊಂದು ಯಂತ್ರ ಬೇಕಾಗುತ್ತದೆ. ಇದನ್ನೇ ಸರ್ವರ್ ಎನ್ನುವುದು. ಬಿತ್ತನೆಯ ಕಾಲದಲ್ಲಿ ಯಾವ ರೈತನು ಎಷ್ಟು ಉದ್ರಿ ಒಯ್ದನು, ತೊಗರಿಯ ರಾಶಿಯಾದ ಮೇಲೆ ಎಷ್ಟು ಚೀಲ ತಂದು ಹಾಕಿದನು ಎಂಬ ಲೆಕ್ಕವೆಲ್ಲ ಅದರ ಹೊಟ್ಟೆಯಲ್ಲಿರುತ್ತದೆ. ಅದು ಅಳಿದುಹೋಯಿತೆಂದರೆ ವರ್ತಕನಿಗೂ ರೈತನಿಗೂ ವ್ಯಾಜ್ಯ ಹುಟ್ಟಿತೆಂದೇ ತಿಳಿಯಬೇಕು.

ಇಂಥ ಕೆಲಸಕ್ಕೆ ಲಿನಕ್ಸ್ ಬಹು ಯೋಗ್ಯವಾದ ಕಾರ್ಯವ್ಯವಸ್ಥೆ. ಡೆಬಿಯನ್ ಮೊದಲಾದ ಅದರ ರೂಪಗಳು ಲೈಸೆನ್ಸಿನ ಹಣವಿಲ್ಲದೆ ದೊರೆಯುತ್ತವೆ. ಲೆಕ್ಕ ಬರೆಯುವ ಟ್ಯಾಲಿ ವಿಂಡೋಸಿನ ಮೇಲೆ ನಡೆಯುವಂಥದು, ನಿಜ. ಆದರೂ ಅದರ ದತ್ತಾಂಶದ ಪ್ರತಿಯನ್ನು ಪ್ರತಿ ರಾತ್ರಿ ಲಿನಕ್ಸ್ ಸರ್ವರಿನಲ್ಲಿ ಇರಿಸುವುದಕ್ಕೆ ಅಡ್ಡಿಯೇನೂ ಇಲ್ಲ. ಎರಡರ ನಡುವೆ ಸಂಪರ್ಕ ಕಲ್ಪಿಸುವ ಸಾಂಬಾ ಎಂಬ ತಂತ್ರಾಂಶವನ್ನು ಆಸ್ಟ್ರೇಲಿಯದ ಆಂಡ್ರೂ ಟ್ರಿಜೆಲ್ ಎಂಬವರು 1992ರಷ್ಟು ಹಿಂದೆಯೇ ಆರಂಭಿಸಿದರು. ಇಷ್ಟಿದ್ದರೂ "ಲಿನಕ್ಸ್ ನಮ್ಮ ಯಂತ್ರಕ್ಕೆ ಒಗ್ಗಲಿಲ್ಲ" ಎಂಬ ದೂರು ಆಗಾಗ್ಗೆ ಕೇಳಿಬರುತ್ತದೆ. ನಮ್ಮ ಅಭಿಪ್ರಾಯದಲ್ಲಿ ದೋಷವಿರುವುದು ಆಯ್ಕೆಯ ಕ್ರಮದಲ್ಲಿ. ಮೊದಲು ಜಾಹೀರಾತು ನೋಡಿ ಯಂತ್ರವನ್ನು ಕೊಂಡು, ಆಮೇಲೆ ಅದಕ್ಕೆ ಲಿನಕ್ಸನ್ನು ತೊಡಿಸಲು ಹೊರಡುತ್ತಾರೆ. ಕಾಲಿನ ಅಳತೆ ಕೊಡದೆ ಚಪ್ಪಲಿ ಹೊಲಿಸಿದಂತಾಯಿತು.

ಒಗ್ಗುವುದು ಎಂದರೇನು? ಗಣಕದ ಒಂದೊಂದು ಭಾಗದ ಒಳಗೂ ಒಂದೊಂದು ಚಿಪ್ಪು ಇರುತ್ತದೆ; ಪ್ರತಿಯೊಂದು ಚಿಪ್ಪಿಗೂ ತನ್ನದೇ ಆದ ಸಂಕೇತಭಾಷೆ. ಕಾರ್ಯವ್ಯವಸ್ಥೆಯ ತಿರುಳಾದ ಕರ್ನಲ್ಲಿಗೂ ಚಿಪ್ಪಿಗೂ ನಡುವೆ ಡ್ರೈವರ್ ಎಂಬ ದುಭಾಷಿ ಬೇಕು. ಲಿನಕ್ಸಿನಲ್ಲಿ ಬಹುಪಾಲು ದುಭಾಷಿಗಳು ಕರ್ನಲ್ಲಿನ ಜೊತೆಯಲ್ಲಿಯೇ ಬೆಳೆಯುತ್ತವೆ. ಕರ್ನಲ್ ಬದಲಾದಾಗ ಅವೂ ಬದಲಾಗುತ್ತವೆ. ಹೊರಗಿನಿಂದ ತಂದು ಜೋಡಿಸಿದ ಡ್ರೈವರಿಗೆ ಈ ಭಾಗ್ಯವಿಲ್ಲ. ಇಂದು ನಡೆದದ್ದು ಮುಂದಿನ ನವೀಕರಣದಲ್ಲಿ ನಿಂತುಹೋಗಬಹುದು. ಆದುದರಿಂದ ಕೊಳ್ಳುವ ಮುನ್ನ ಕೇಳಬೇಕಾದ ಮುಖ್ಯ ಪ್ರಶ್ನೆ ಒಂದೇ: ಈ ಚಿಪ್ಪಿನ ಡ್ರೈವರ್ ಕರ್ನಲ್ಲಿನ ಒಳಗಿದೆಯೆ?

1991ರ ಆಗಸ್ಟಿನಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ತನ್ನ ಕೃತಿಯನ್ನು ಪ್ರಕಟಿಸಿದಾಗ, ತನ್ನಲ್ಲಿರುವ ಬಗೆಯ ಹಾರ್ಡ್ ಡಿಸ್ಕನ್ನು ಬಿಟ್ಟು ಬೇರೆಯದಕ್ಕೆ ಅದು ಬಹುಶಃ ಎಂದಿಗೂ ಒಗ್ಗಲಾರದೆಂದೇ ಹೇಳಿದ್ದನು. ಹತ್ತು ವರ್ಷ ಕಳೆಯುವುದರೊಳಗೆ, 2001ರಲ್ಲಿ, ಬೆಂಗಳೂರಿನಲ್ಲಿ ರೂಪುಗೊಂಡ ಸಿಂಪ್ಯೂಟರ್ ಎಂಬ ಅಂಗೈಯಗಲದ ಗಣಕದಲ್ಲಿ, ಸ್ಟ್ರಾಂಗ್‌ಆರ್ಮ್ ಎಂಬ ಬೇರೊಂದೇ ಜಾತಿಯ ಸಂಸ್ಕಾರಕದ ಮೇಲೆ, ಅದೇ ಲಿನಕ್ಸ್ ನಡೆಯಿತು. ಇಂದು ಒಗ್ಗದ ಚಿಪ್ಪುಗಳಿಗಿಂತ ಒಗ್ಗುವವೇ ಬಹಳ ಹೆಚ್ಚು. ತೊಂದರೆ ಕೊಡುವವು ಕೆಲವೇ. ಆದರೆ ಅವು ಪೆಟ್ಟಿಗೆಯ ಮೇಲೆ ತಮ್ಮ ಹೆಸರನ್ನು ಬರೆದುಕೊಂಡು ಬರುವುದಿಲ್ಲ.

ಇದಕ್ಕೊಂದು ಪ್ರಸಿದ್ಧ ನಿದರ್ಶನ ಟಿಪಿ-ಲಿಂಕ್ ಸಂಸ್ಥೆಯ ಟಿಎಲ್-ಡಬ್ಲ್ಯುಎನ್722ಎನ್ ಎಂಬ ನಿಸ್ತಂತು ಉಪಕರಣ. ಮೊದಲ ಆವೃತ್ತಿಯಲ್ಲಿ ಅಥೆರೋಸ್ ಚಿಪ್ಪು ಇತ್ತು. ಲಿನಕ್ಸಿನಲ್ಲಿ ಸಲೀಸಾಗಿ ನಡೆಯುತ್ತಿತ್ತು. ಎರಡನೆಯ ಆವೃತ್ತಿಯಲ್ಲಿ, ಅದೇ ಹೆಸರಿನ ಕೆಳಗೆ, ರಿಯಲ್‌ಟೆಕ್ ಚಿಪ್ಪು ಬಂದು ಕುಳಿತಿತು; ಮೊದಲಿನ ಸರಾಗ ಹೋಯಿತು. ಸರ್ವರಿಗೆ ತಂತಿಯ ಸಂಪರ್ಕವೇ ಲೇಸು, ಆ ಮಾತು ಬೇರೆ. ಹೆಸರನ್ನು ನಂಬದೆ ಚಿಪ್ಪನ್ನು ನೋಡಬೇಕೆಂಬುದಕ್ಕೆ ಇದನ್ನು ಹೇಳಿದೆವು.

ಚಿಪ್ಪನ್ನು ನೋಡುವುದು ಕಷ್ಟವಲ್ಲ. ವಿದ್ಯಾರ್ಥಿಯೊಬ್ಬನು ಲಿನಕ್ಸನ್ನು ಪೆನ್‌ಡ್ರೈವಿಗೆ ತುಂಬಿಕೊಂಡು, ಮಾರಾಟಗಾರನ ಅನುಮತಿ ಪಡೆದು, ಅಂಗಡಿಯಲ್ಲಿರುವ ಯಂತ್ರವನ್ನು ಅದರಿಂದಲೇ ಚಾಲೂ ಮಾಡಬಹುದು. ಒಳಗಿನ ಡಿಸ್ಕನ್ನು ಮುಟ್ಟಬೇಕಾಗಿಯೇ ಇಲ್ಲ. 'ಎಲ್‌ಎಸ್‌ಪಿಸಿಐ' ಎಂಬ ಆಜ್ಞೆಯನ್ನು ತಕ್ಕ ಸೂಚನೆಯೊಡನೆ ಕೊಟ್ಟರೆ ಒಳಗಿನ ಚಿಪ್ಪುಗಳ ಸಂಖ್ಯೆಗಳೂ, ಯಾವುದನ್ನು ಯಾವ ಡ್ರೈವರ್ ನಡೆಸುತ್ತಿದೆ ಎಂಬುದೂ ತೆರೆಯ ಮೇಲೆ ಮೂಡುತ್ತವೆ. ಇಂಟೆಲ್ ಸಂಸ್ಥೆಯ ಸಂಖ್ಯೆ 8086. ಆ ಸಂಸ್ಥೆ 1978ರಲ್ಲಿ ಹೊರತಂದ ಪ್ರಸಿದ್ಧ ಸಂಸ್ಕಾರಕದ ಹೆಸರೂ ಅದೇ. ಎಂಜಿನಿಯರುಗಳಿಗೂ ವಿನೋದಪ್ರಿಯತೆ ಉಂಟು.

ಯಂತ್ರವು ತೀರ ಹೊಸದಿದ್ದರೆ ಕರ್ನಲ್ಲಿಗೆ ಅದರ ಪರಿಚಯವಿರುವುದಿಲ್ಲ. ತೀರ ಹಳೆಯದನ್ನು ಅಗ್ಗವೆಂದು ಕೊಳ್ಳುವುದೂ ಅಪಾಯವೇ: 2019ರಲ್ಲಿ ಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8ರಲ್ಲಿ ಹಳೆಯ ಹಲವು ಡಿಸ್ಕ್ ನಿಯಂತ್ರಕಗಳ ಡ್ರೈವರುಗಳನ್ನು ಕೈಬಿಡಲಾಯಿತು. ಒಂದೆರಡು ವರ್ಷ ಮಾರುಕಟ್ಟೆಯಲ್ಲಿ ಸವೆದ ಮಾದರಿಯೇ ನಮಗೆ ಹಿತ. ಸ್ಮೃತಿಯ ವಿಷಯದಲ್ಲಿ, ತಪ್ಪನ್ನು ತಾನೇ ತಿದ್ದಿಕೊಳ್ಳುವ ಇ.ಸಿ.ಸಿ. ಬಗೆಯದನ್ನು ಹಣವಿದ್ದರೆ ಕೊಳ್ಳಬೇಕು. ಮದರ್‌ಬೋರ್ಡೂ ಸಂಸ್ಕಾರಕವೂ ಅದಕ್ಕೆ ಒಪ್ಪಿರಬೇಕು.

ಡಿಸ್ಕಿನ ವಿಚಾರ ಹೆಚ್ಚು ಗಹನವಾದುದು. ಒಂದೇ ಲೆಕ್ಕವನ್ನು ಎರಡು ಡಿಸ್ಕುಗಳಲ್ಲಿ ಏಕಕಾಲಕ್ಕೆ ಬರೆಯುವ ರೇಡ್ ಎಂಬ ಏರ್ಪಾಡು ಉಂಟಷ್ಟೆ. ಅದಕ್ಕಾಗಿ ಬೆಲೆಬಾಳುವ ಪ್ರತ್ಯೇಕ ಕಾರ್ಡನ್ನು ಕೊಳ್ಳಬೇಕೆಂದು ಮಾರುವವರು ಹೇಳುತ್ತಾರೆ. ನಾವು ಇದನ್ನು ಒಪ್ಪುವುದಿಲ್ಲ. ಕಾರ್ಡು ಕೆಟ್ಟರೆ, ಡಿಸ್ಕುಗಳು ಎರಡೂ ನೆಟ್ಟಗಿದ್ದರೂ, ಅವನ್ನು ಓದಲು ಅದೇ ಜಾತಿಯ ಇನ್ನೊಂದು ಕಾರ್ಡನ್ನು ಹುಡುಕಬೇಕಾದೀತು. ಅದು ಅಫಜಲಪುರದಲ್ಲಿ ಸಿಗುವುದಿಲ್ಲ, ಕಲಬುರಗಿಯಲ್ಲಿಯೂ ಸಿಗುತ್ತದೆಂಬ ಭರವಸೆಯಿಲ್ಲ. ಅಗ್ಗದ ಮದರ್‌ಬೋರ್ಡುಗಳು ತಮ್ಮಲ್ಲಿಯೇ ಇದೆಯೆಂದು ಸಾರುವ ರೇಡ್ ಬಹುಮಟ್ಟಿಗೆ ಡ್ರೈವರಿನ ಕೈಚಳಕವೇ ಸರಿ. ಲಿನಕ್ಸ್ ತಾನೇ ತಂತ್ರಾಂಶದ ಮೂಲಕ ಈ ಜೋಡಿ ಬರವಣಿಗೆಯನ್ನು ಮಾಡಬಲ್ಲುದು. ಆಗ ಡಿಸ್ಕನ್ನು ಬಿಚ್ಚಿ ಬೇರೆ ಯಾವ ಲಿನಕ್ಸ್ ಯಂತ್ರಕ್ಕೆ ಹಾಕಿದರೂ ಲೆಕ್ಕ ಓದಲು ಬರುತ್ತದೆ. ಡಿಸ್ಕುಗಳಲ್ಲಿಯೂ ಭೇದವಿದೆ. ಎಸ್.ಎಂ.ಆರ್. ಬಗೆಯವುಗಳಲ್ಲಿ ಕಾಂತೀಯ ಪಥಗಳು ಮಲೆನಾಡಿನ ಮನೆಯ ಹೆಂಚುಗಳಂತೆ ಒಂದರ ಮೇಲೊಂದು ಚಾಚಿಕೊಂಡಿರುತ್ತವೆ. ನಡುವಿನ ಒಂದು ಹೆಂಚನ್ನು ಬದಲಿಸಲು ಮೇಲಿನವನ್ನೂ ಎತ್ತಬೇಕಲ್ಲವೆ? ಹಾಗೆಯೇ ಇಲ್ಲಿ ಪುನರ್ಲೇಖನ ನಿಧಾನ. ರೇಡಿಗೆ ಇದು ಹೊಂದದು. ವೆಸ್ಟರ್ನ್ ಡಿಜಿಟಲ್ ಸಂಸ್ಥೆಯ 'ರೆಡ್' ಡಿಸ್ಕುಗಳಲ್ಲಿ ಕೆಲವು ಈ ಬಗೆಯವೆಂಬುದು 2020ರಲ್ಲಿ ಬಯಲಾದಾಗ ಗ್ರಾಹಕರು ಗದ್ದಲವೆಬ್ಬಿಸಿದ್ದು ಸಹಜವೇ. ಸಿ.ಎಂ.ಆರ್. ಎಂದು ತಯಾರಕರ ವಿವರಪತ್ರದಲ್ಲಿ ಕಂಡ ಮೇಲೆಯೇ ಹಣ ಕೊಡಬೇಕು.

ಇನ್ನು ಭೀಮಾತೀರದ ಬೇಸಿಗೆ. ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ಸನ್ನು ದಾಟುವ ನಾಡಿನಲ್ಲಿ ಹೆಚ್ಚು ವಿದ್ಯುತ್ತನ್ನು ನುಂಗಿ ಬಿಸಿಯಾಗುವ ಸಂಸ್ಕಾರಕ ಅಂಗಡಿಗೆ ಏತಕ್ಕೆ? ಉಷ್ಣತೆ 10 ಡಿಗ್ರಿ ಏರಿದರೆ ವಿದ್ಯುದ್ವಿಚ್ಛೇದ್ಯ ಸಂಧಾರಕಗಳ ಆಯುಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆಂಬುದು ಸ್ಥೂಲ ನಿಯಮ. ಕರೆಂಟು ಹೋದಾಗ ಮನೆಯ ಇನ್ವರ್ಟರ್ ದೀಪವನ್ನು ಉರಿಸೀತು, ಆದರೆ ತನ್ನ ಬ್ಯಾಟರಿ ಮುಗಿಯುತ್ತಿದೆಯೆಂದು ಸರ್ವರಿಗೆ ತಿಳಿಸದು. ಯು.ಎಸ್.ಬಿ. ತಂತಿಯ ಮೂಲಕ ಸುದ್ದಿ ಕಳಿಸುವ ಯು.ಪಿ.ಎಸ್. ಇದ್ದರೆ, ಲಿನಕ್ಸಿನ 'ನಟ್' ತಂತ್ರಾಂಶವು ಆ ಸುದ್ದಿಯನ್ನು ಕೇಳಿ ಯಂತ್ರವನ್ನು ಕ್ರಮವಾಗಿ ನಿಲ್ಲಿಸುತ್ತದೆ. ಆ ಮಾದರಿ ನಟ್‌ನ ಪಟ್ಟಿಯಲ್ಲಿದೆಯೆ ಎಂದು ಮೊದಲೇ ನೋಡಿಕೊಳ್ಳಬೇಕು.

ಕಡೆಯದಾಗಿ ಪ್ರಿಂಟರ್. ಪಾವತಿ ಮುದ್ರಿಸುವ ಡಾಟ್ ಮ್ಯಾಟ್ರಿಕ್ಸ್ ಯಂತ್ರಗಳಲ್ಲಿ ಬಹುತೇಕವು ಎಪ್ಸನ್ ರೂಢಿಗೆ ತಂದ ಸಂಕೇತಗಳನ್ನು ಪಾಲಿಸುವುದರಿಂದ ಲಿನಕ್ಸಿಗೆ ಸುಲಭ. ಆದರೆ ಜೆರಾಕ್ಸ್ ಅಂಗಡಿಗಳಲ್ಲಿ ಮನೆಮಾತಾಗಿರುವ ಕ್ಯಾನನ್ ಎಲ್‌ಬಿಪಿ 2900, ತನ್ನ ತಯಾರಕರು ಮಾಡಿದ ಪ್ರತ್ಯೇಕ ಡ್ರೈವರಿಲ್ಲದೆ ಸುಲಭವಾಗಿ ಬಗ್ಗದು. ಅಂಗಡಿಯಲ್ಲಿ ಅದು ಈಗಾಗಲೇ ಇದ್ದರೆ ಎಸೆಯಬೇಕಾಗಿಲ್ಲ. ವಿಂಡೋಸ್ ಯಂತ್ರಕ್ಕೇ ಜೋಡಿಸಿಟ್ಟು, ಸರ್ವರಿಗೆ ಅದರ ಗೊಡವೆಯಿಲ್ಲದಂತೆ ಮಾಡಿದರಾಯಿತು.