ಶ್ರೀಮತಿಯ ಚಿತ್ರಪಟ, ಹಲಗಲಿಯ ಬೀಸುವ ಕಲ್ಲು

ಗ್ರಾಫಿಕ್ ಕಾದಂಬರಿಯೆಂದರೆ ಮಕ್ಕಳ ಚಿತ್ರಕಥೆಯ ಹಿಗ್ಗಿದ ರೂಪವೆಂಬ ಭಾವನೆ ಕನ್ನಡದ ಸಾಹಿತ್ಯವಲಯದಲ್ಲಿ ಇನ್ನೂ ಉಳಿದಿದೆ. ಆರ್ಟ್ ಸ್ಪೀಗಲ್‌ಮನ್ ಅವರ ‘ಮೌಸ್’ 1986 ಮತ್ತು 1991ರಲ್ಲಿ ಎರಡು ಸಂಪುಟಗಳಾಗಿ ಹೊರಬಂದು, 1992ರಲ್ಲಿ ವಿಶೇಷ ಪುಲಿಟ್ಜರ್ ಪ್ರಶಸ್ತಿ ಪಡೆದ ಮೇಲೂ ಈ ಭಾವನೆ ಉಳಿದಿರುವುದು ಸೋಜಿಗ. ಯೆಹೂದ್ಯರು ಇಲಿಗಳಾಗಿ, ಜರ್ಮನರು ಬೆಕ್ಕುಗಳಾಗಿ ಬರುವ ಆ ಕೃತಿಯ ಕೇಂದ್ರದಲ್ಲಿರುವುದು ಆಶ್‌ವಿಟ್ಜ್ ಮಾತ್ರವಲ್ಲ. ಅಲ್ಲಿಂದ ಬದುಕಿ ಬಂದ ತಂದೆಯ ಮುಂದೆ ಕುಳಿತು ಕೇಳುವ, ಸಿಡುಕುವ, ಅನುಮಾನಿಸುವ ಮಗನೂ ಹೌದು. ತಾಯಿ ಬರೆದಿಟ್ಟಿದ್ದ ದಿನಚರಿಗಳನ್ನು ತಂದೆ ಸುಟ್ಟುಹಾಕಿದ್ದು ತಿಳಿದಾಗ ಮಗ ಕೆರಳುತ್ತಾನೆ. ಸುಟ್ಟುಹೋದ ಆ ಪುಟಗಳ ಜಾಗವನ್ನು ಕೃತಿ ಕಲ್ಪನೆಯಿಂದ ತುಂಬುವುದಿಲ್ಲ. ಇಂಥ ಸ್ಮೃತಿಗೆ ವಿದ್ವಾಂಸೆ ಮೇರಿಯಾನ್ ಹರ್ಷ್ ‘ಪೋಸ್ಟ್‌ಮೆಮೊರಿ’ ಎಂದು ಹೆಸರಿಟ್ಟರು. ಕನ್ನಡದಲ್ಲಿ ಅದನ್ನು ಉತ್ತರಸ್ಮೃತಿ ಎನ್ನಬಹುದು: ಹಿರಿಯರು ಕಂಡ ಸಂಕಟ, ಅದನ್ನು ಕಾಣದ ಮಕ್ಕಳನ್ನು ಸ್ವಂತ ನೆನಪಿನಂತೆ ಕಾಡುವ ಬಗೆ.

ನೆನಪನ್ನು ಚಿತ್ರವಾಗಿ ಬರೆಯುವ ಕಲ್ಪನೆ ಕನ್ನಡಕ್ಕೆ ಹೊಸದಲ್ಲ. ಪಂಪನ ‘ಆದಿಪುರಾಣ’ದಲ್ಲಿ ಶ್ರೀಮತಿಗೆ ಜಾತಿಸ್ಮರಣೆ ಉಂಟಾಗುತ್ತದೆ. ಹಿಂದಿನ ಭವದಲ್ಲಿ ತಾನು ಸ್ವಯಂಪ್ರಭೆಯಾಗಿದ್ದುದು, ಲಲಿತಾಂಗನನ್ನು ಕಳೆದುಕೊಂಡದ್ದು ನೆನಪಾಗಿ, ಅವಳು ಆ ಕಥೆಯನ್ನು ಪಟದ ಮೇಲೆ ಬರೆಯುತ್ತಾಳೆ. ಪಂಡಿತೆ ಆ ಪಟವನ್ನು ಜಿನಾಲಯದಲ್ಲಿ ಪ್ರದರ್ಶಿಸಿದಾಗ ಅದು ತಮ್ಮದೇ ಕಥೆಯೆಂದು ನಟಿಸುವವರೂ ಬರುತ್ತಾರೆ. ಅವರ ಸುಳ್ಳು ಬಯಲಾಗುತ್ತದೆ. ವಜ್ರಜಂಘನಾದರೋ ಪಟವನ್ನು ಕಂಡು ಮೂರ್ಛೆಹೋಗುತ್ತಾನೆ. ಜಾತಿಸ್ಮರಣೆ ತನ್ನದೇ ಜೀವದ ನೆನಪು, ಉತ್ತರಸ್ಮೃತಿ ಇನ್ನೊಬ್ಬರಿಂದ ಬಂದದ್ದು. ಈ ಭೇದ ಸಣ್ಣದಲ್ಲ. ಆದರೂ ಪಂಪನ ಪ್ರಸಂಗ ಒಂದು ಒರೆಗಲ್ಲನ್ನು ಕೊಡುತ್ತದೆ. ನೆನಪಿನ ಚಿತ್ರ ಯಾರು ಬೇಕಾದರೂ ತಮ್ಮದೆನ್ನುವಂತಿರಬಾರದು; ಅನುಭವಿಸಿದವರಷ್ಟೇ ಗುರುತಿಸುವ ವಿವರ ಅದರಲ್ಲಿರಬೇಕು.

ಮುಧೋಳ ಸೀಮೆಯ ಹಲಗಲಿಯ ನೆನಪನ್ನು ಈ ಒರೆಗಲ್ಲಿಗೆ ಹಚ್ಚಿ ನೋಡಬೇಕು. 1857ರ ನಿಶ್ಶಸ್ತ್ರೀಕರಣದ ಆಜ್ಞೆಯನ್ನು ಅಲ್ಲಿಯ ಬೇಡರು ಧಿಕ್ಕರಿಸಿದರು. ನವೆಂಬರ್ ಕೊನೆಯಲ್ಲಿ ಕಂಪನಿ ಸರಕಾರದ ಸೈನ್ಯ ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರಿನಲ್ಲಿ ಸೆರೆಸಿಕ್ಕವರ ಪೈಕಿ 19 ಜನರನ್ನು ಗಲ್ಲಿಗೇರಿಸಲಾಯಿತು. ಈ ಘಟನೆಯ ಲಾವಣಿ ಹತ್ತನೆಯ ತರಗತಿಯ ಪಠ್ಯವಾದ್ದರಿಂದ ಜಡಗ, ಬಾಲ, ಹಣಮ, ರಾಮರ ಹೆಸರುಗಳು ನಾಡಿಗೆಲ್ಲ ಪರಿಚಿತ. ಆದರೆ ಲಾವಣಿಕಾರನ ದೊಡ್ಡತನ ಕಾಣುವುದು ಕಾಳಗ ಮುಗಿದ ಮೇಲೆ. ಅವನು ಊರು ಕಳೆದುಕೊಂಡದ್ದನ್ನು ಒಂದೊಂದಾಗಿ ಲೆಕ್ಕಹಾಕುತ್ತಾನೆ. ಆ ಪಟ್ಟಿಯಲ್ಲಿ ಕೊಡಲಿಯಷ್ಟೇ ಅಲ್ಲ, ಅಡುಗೆಮನೆಯ ಉಪ್ಪು, ಜೀರಿಗೆ, ಅರಿಸಿನ ಇವೆ. ಉಣ್ಣುವ ಗಂಗಾಳ, ಮಂಗಳಸೂತ್ರ, ಬೀಸುವ ಕಲ್ಲು ಇವೆ. ಕತ್ತಿಯನ್ನು ಯಾವ ವೀರನ ಕೈಯಲ್ಲಾದರೂ ಚಿತ್ರಿಸಬಹುದು. ಬೀಸುವ ಕಲ್ಲಿಲ್ಲದ ಮನೆಯಲ್ಲಿ ಮರುದಿನ ರೊಟ್ಟಿಗೆ ಹಿಟ್ಟು ಎಲ್ಲಿಯದು ಎಂಬ ಪ್ರಶ್ನೆ ಬದುಕುಳಿದವರದು ಮಾತ್ರ.

ಹಲಗಲಿಯನ್ನು ಕುರಿತ ಗ್ರಾಫಿಕ್ ಕಾದಂಬರಿ ಈ ಕಲ್ಲಿನಿಂದ ಆರಂಭವಾಗಬೇಕು, ನಾಲ್ವರು ವೀರರ ಭಾವಚಿತ್ರಗಳಿಂದಲ್ಲ. ಚರಿತ್ರೆಯ ಅಂಚಿನಲ್ಲಿಯೇ ಉಳಿದ ಸಮುದಾಯಕ್ಕೆ ಮೊದಲು ವೀರರು ಬೇಡವೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕೆ ಉತ್ತರ 2011ರ ‘ಭೀಮಾಯಣ’ದಲ್ಲಿದೆ. ಗೊಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ಅಲ್ಲಿ ಅಂಬೇಡ್ಕರರ ಜೀವನವನ್ನು ಬಾಲಕನೊಬ್ಬನ ನೀರಡಿಕೆಯಿಂದ ಆರಂಭಿಸುತ್ತಾರೆ. ಅದರಿಂದ ನಾಯಕನ ಎತ್ತರ ಕುಗ್ಗುವುದಿಲ್ಲ. ಆ ಎತ್ತರಕ್ಕೆ ತೆತ್ತ ಬೆಲೆ ತಿಳಿಯುತ್ತದೆ. ಬರಿಯ ವೀರಚಿತ್ರವನ್ನಾದರೆ ಯಾವ ಪಕ್ಷವೂ ಯಾವ ಮೆರವಣಿಗೆಯೂ ತನ್ನದೆಂದು ಎತ್ತಿ ಹಿಡಿಯಬಹುದು, ಜಿನಾಲಯದ ಆ ನಟರಂತೆ.

ಹಲಗಲಿಯನ್ನು ಕಣ್ಣಾರೆ ಕಂಡವರು ಇಂದಿಲ್ಲ. ‘ಮೌಸ್’ನ ಮಗನಿಗೆ ದೊರೆತ ಅವಕಾಶ ಅಲ್ಲಿ ಎಂದೋ ಮುಗಿದಿದೆ. ಪಕ್ಕದ ಬೀಳಗಿ ಸೀಮೆಯಲ್ಲಿ ಇನ್ನೊಂದು ಬಗೆಯ ನಷ್ಟದ ಸಾಕ್ಷಿಗಳು ಇನ್ನೂ ಇದ್ದಾರೆ. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಊರನ್ನೊಪ್ಪಿಸಿ ಪುನರ್ವಸತಿ ಕೇಂದ್ರಗಳಿಗೆ ಬಂದವರು ಅವರು. ಮುಳುಗಡೆಯನ್ನು ಹತ್ಯಾಕಾಂಡಕ್ಕೆ ಸಮನೆನ್ನುವುದು ಎರಡಕ್ಕೂ ಅನ್ಯಾಯ. ಆದರೆ ತಾವು ನೋಡದ ಊರನ್ನು ತಮ್ಮ ಊರೆನ್ನುವ ಮೊಮ್ಮಕ್ಕಳು ಇಲ್ಲಿಯೂ ಇದ್ದಾರೆ. ನರ್ಮದೆಯ ಹೋರಾಟವನ್ನು ಆಧರಿಸಿ ಒರಿಜಿತ್ ಸೇನ್ ‘ರಿವರ್ ಆಫ್ ಸ್ಟೋರೀಸ್’ ರಚಿಸಿ 1994ರಲ್ಲಿಯೇ ದಾರಿ ತೋರಿದ್ದಾರೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಕನ್ನಡ ವಿದ್ಯಾರ್ಥಿಗಳು ಸಿದ್ಧಾಂತವನ್ನು ಓದುವ ಜೊತೆಗೆ ತಮ್ಮ ಅಜ್ಜ-ಅಜ್ಜಿಯರನ್ನು ಕೇಳಬೇಕಾದದ್ದು ಒಂದೇ ಪ್ರಶ್ನೆ: ಊರು ಬಿಡುವಾಗ ಏನನ್ನು ಹೊತ್ತು ತಂದಿರಿ, ಏನನ್ನು ಬಿಟ್ಟು ಬಂದಿರಿ? ಲಾವಣಿಕಾರ ಹಲಗಲಿಗಾಗಿ ಅಂಥದೊಂದು ಪಟ್ಟಿಯನ್ನು ಮಾಡಿಟ್ಟ. ಬೀಳಗಿಯ ಪಟ್ಟಿಯನ್ನು ಬರೆಯುವ ಕೆಲಸ ಆ ಹಿರಿಯರು ಇರುವಾಗಲೇ ಆಗಬೇಕು.