ಐಕ್ಯಸ್ಥಳದ ಯಾತ್ರೆಯೂ ಕಲ್ಯಾಣದ ಋಣವೂ

ನಮ್ಮ ಸೀಮೆಯ ಹುಮನಾಬಾದು, ಬಸವಕಲ್ಯಾಣಗಳಿಂದ ಕೂಡಲಸಂಗಮಕ್ಕೆ ಯಾತ್ರೆ ಹೊರಡುವ ಭಕ್ತರ ಸಂಖ್ಯೆ ಸಣ್ಣದಲ್ಲ. ಕೃಷ್ಣಾ ಮಲಪ್ರಭೆಗಳು ಕೂಡುವ ಆ ಪುಣ್ಯಕ್ಷೇತ್ರದಲ್ಲಿ ಬಸವಣ್ಣನವರ ಐಕ್ಯಸ್ಥಳವಿರುವುದು ವಾಚಕರಿಗೆ ತಿಳಿದೇ ಇದೆ. ನಾರಾಯಣಪುರದ ಅಣೆಕಟ್ಟಿನ ಹಿನ್ನೀರು ಸುತ್ತಲೂ ನಿಂತ ಬಳಿಕ ಅದನ್ನು ಬಾವಿಯಾಕಾರದ ಗೋಡೆಯಿಂದ ಕಾಪಾಡಲಾಗಿದೆ. ಮೆಟ್ಟಿಲುಗಳನ್ನಿಳಿದು ಕೆಳಕ್ಕೆ ಹೋಗಿ ದರ್ಶನ ಪಡೆಯಬೇಕು. ಇಂಥ ಯಾತ್ರೆಯನ್ನು ಹಳಿಯುವುದು ಈ ಲೇಖನದ ಉದ್ದೇಶವಲ್ಲ. ಆದರೆ ಯಾತ್ರೆಯೊಂದರಿಂದಲೇ ಮಹಾಪುರುಷನ ಋಣವು ತೀರಿಹೋಗುವುದೆಂಬ ಭ್ರಾಂತಿಯು ಬೇರೂರುತ್ತಿರುವುದನ್ನು ಕಂಡು ಸುಮ್ಮನಿರಲಾರೆವು.

ಕೆಲವು ವರ್ಷಗಳ ಹಿಂದೆ ಹುಮನಾಬಾದಿನಿಂದ ಹೊರಟ ಅಂಥದೊಂದು ತಂಡದಲ್ಲಿ ನಾವೂ ಇದ್ದೆವು. ನಮ್ಮೊಡನಿದ್ದ ಹಿರಿಯರೊಬ್ಬರು ಐಕ್ಯಸ್ಥಳದಲ್ಲಿ ಹಣೆಯಿಟ್ಟು ಬಹಳ ಹೊತ್ತು ಏಳಲಿಲ್ಲ. ಎದ್ದಾಗ ಅವರ ಕಣ್ಣು ತುಂಬಿದ್ದವು. ಆ ಭಕ್ತಿಯು ಸುಳ್ಳೆಂದು ನಾವು ಇಂದಿಗೂ ಹೇಳೆವು. ಆದರೆ ಮರಳುವ ದಾರಿಯಲ್ಲಿ, ಬಸ್ಸಿನಲ್ಲಿ ಕುಳಿತು, ತಮ್ಮೂರಿನ ಹುಡುಗನೊಬ್ಬನು ಹೊಲಗೇರಿಯ ಹೆಣ್ಣನ್ನು ಮದುವೆಯಾದ ಸುದ್ದಿಯನ್ನು ತೆಗೆದು, “ಅಂಥವರ ಮನಿ ಹೊಸ್ತಿಲಾ ತುಳೀಬಾರದ್ರಿ” ಎಂದು ಅದೇ ಹಿರಿಯರು ಅಪ್ಪಣೆ ಕೊಡಿಸಿದರು. ಬಸ್ಸಿನಲ್ಲಿದ್ದವರೆಲ್ಲ ತಲೆದೂಗಿದರು. ನಾವು ತಲೆದೂಗಲಿಲ್ಲ, ನಿಜ, ಬಾಯಿಯನ್ನೂ ತೆರೆಯಲಿಲ್ಲ. ಆ ಮೌನದ ನಾಚಿಕೆಯೇ ಇಂದು ಈ ಲೇಖನವನ್ನು ಬರೆಯಿಸುತ್ತಿದೆ.

ಬಸವಣ್ಣನವರು ಕಲ್ಯಾಣವನ್ನು ಬಿಟ್ಟು ಸಂಗಮಕ್ಕೆ ಹೋದದ್ದು ಯಾತಕ್ಕೆ? 12ನೆಯ ಶತಮಾನದಲ್ಲಿ, ಕಲಚುರಿ ಬಿಜ್ಜಳನ ಆಳಿಕೆಯಲ್ಲಿ, ಬ್ರಾಹ್ಮಣ ಕುಲದಿಂದ ಬಂದ ಶರಣ ಮಧುವರಸರ ಮಗಳನ್ನು ಸಮಗಾರ ಕುಲದಿಂದ ಬಂದ ಶರಣ ಹರಳಯ್ಯನವರ ಮಗನಿಗೆ ಕೊಟ್ಟು ಮದುವೆಯಾಯಿತು. ಸಂಪ್ರದಾಯವು ಹೇಳುವಂತೆ ಆ ಇಬ್ಬರು ತಂದೆಯರನ್ನೂ ಅರಸನು ಕ್ರೂರದಂಡನೆಗೆ ಗುರಿಮಾಡಿ ಕೊಲ್ಲಿಸಿದನು. ಕಲ್ಯಾಣವು ಕದಡಿತು, ಬಿಜ್ಜಳನೂ ಹತನಾದನು, ಶರಣರು ದಿಕ್ಕುದಿಕ್ಕಿಗೆ ಚದರಿದರು. ಚನ್ನಬಸವಣ್ಣನವರ ಸಮಾಧಿಯು ಕಲ್ಯಾಣದಲ್ಲಿಲ್ಲ, ದೂರದ ಉಳವಿಯ ಕಾಡಿನಲ್ಲಿದೆ. ಆದುದರಿಂದ ಐಕ್ಯಸ್ಥಳವೆಂಬುದು ಕೇವಲ ಮಹಾತ್ಮನೊಬ್ಬನು ದೇಹವಿಟ್ಟ ಎಡೆಯಲ್ಲ. ಒಂದು ಮದುವೆಯನ್ನು ಸಹಿಸಲಾರದ ಊರು ತನ್ನ ಗುರುವನ್ನು ಕಳೆದುಕೊಂಡದ್ದಕ್ಕೆ ಸಾಕ್ಷಿ. ಅಲ್ಲಿ ಹಣೆಯಿಟ್ಟು ಅಂಥದೇ ಮದುವೆಯನ್ನು ಬಹಿಷ್ಕರಿಸುವವನು ಹೂವನ್ನು ಬಸವಣ್ಣನವರಿಗೇರಿಸಿ ತೀರ್ಪನ್ನು ಬಿಜ್ಜಳನ ಪರವಾಗಿ ಕೊಟ್ಟಂತಾಯಿತು.

ಬಿಜ್ಜಳನಿಗಾದರೂ ವರ್ಣಾಶ್ರಮದ ಕಟ್ಟಳೆಯ ನೆವವಿತ್ತು. ನಮಗೆ ಅದೂ ಇಲ್ಲ. 1955ರ ಹಿಂದೂ ವಿವಾಹ ಕಾಯಿದೆಯು ಜಾತಿಭೇದವನ್ನು ಮದುವೆಗೆ ಅಡ್ಡಿಯೆಂದು ಎಣಿಸುವುದಿಲ್ಲ. ಇಂಥ ಮದುವೆಗಳಿಗೆ ಸರಕಾರವೇ ಪ್ರೋತ್ಸಾಹಧನ ಕೊಡುವ ಕಾಲವಿದು. ಹೀಗಿರಲು ಅಂದು ಅರಸನು ಮಾಡಿದ್ದನ್ನು ಇಂದು ಯಾರ ಅಪ್ಪಣೆಯೂ ಇಲ್ಲದೆ ನಾವೇ ನಮ್ಮ ಪಡಸಾಲೆಗಳಲ್ಲಿ ಕುಳಿತು ಮಾಡುತ್ತಿದ್ದೇವೆ.

ಇದು ನಮ್ಮ ಸೀಮೆಯದೊಂದೇ ದೋಷವೆಂದಲ್ಲ. ದಿಲ್ಲಿಯ ರಾಜಘಾಟವನ್ನು ನೋಡಿರಿ. 1948ರ ಜನವರಿ 31ರಂದು ಗಾಂಧೀಜಿಯವರ ದೇಹವನ್ನು ದಹಿಸಿದ ಆ ಸ್ಥಳದಲ್ಲಿ ಕರಿಯ ಅಮೃತಶಿಲೆಯ ವೇದಿಕೆಯಿದೆ. ಪರದೇಶದ ಮುಖಂಡರೂ ನಮ್ಮ ಮಂತ್ರಿಗಳೂ ಅಲ್ಲಿ ಪುಷ್ಪಚಕ್ರವಿಟ್ಟು ಕೈಮುಗಿಯುವರು. ಆ ಮಹಾತ್ಮರು ಮೊದಲು ಜಾತಿಯ ಮೇರೆಯನ್ನು ಮೀರಿದ ಮದುವೆಗಳ ವಿಷಯದಲ್ಲಿ ಹಿಂಜರಿದವರೇ. ಆದರೆ ಕಡೆಯ ವರ್ಷಗಳಲ್ಲಿ ತಮ್ಮ ಅಭಿಪ್ರಾಯವನ್ನು ತಿದ್ದಿಕೊಂಡು, ವಧೂವರರಲ್ಲಿ ಒಬ್ಬರಾದರೂ ಹರಿಜನರಾಗಿಲ್ಲದ ಮದುವೆಗೆ ತಮ್ಮ ಆಶೀರ್ವಾದವಿಲ್ಲವೆಂದು ಗಟ್ಟಿಯಾಗಿ ನಿಂತರು. ಕೂಡಲಸಂಗಮಕ್ಕೂ ರಾಜಘಾಟಕ್ಕೂ ನಡುವೆ ಎಂಟು ಶತಮಾನಗಳ ಅಂತರವಿದ್ದರೂ ಎರಡು ಸ್ಥಳಗಳೂ ಮದುವೆಯ ಚಪ್ಪರದ ಕಡೆಗೇ ಬೆರಳು ತೋರಿಸುತ್ತವೆ. ನಾವಾದರೋ ಆ ಬೆರಳಿಗೆ ಉಂಗುರ ತೊಡಿಸಿ ಧನ್ಯರಾದೆವೆಂದು ಮನೆಗೆ ಬರುತ್ತೇವೆ.

“ಸಮಾಧಿಯ ದರ್ಶನದಿಂದ ಜನಸಾಮಾನ್ಯರಲ್ಲಿ ಭಕ್ತಿ ಹುಟ್ಟುವುದಿಲ್ಲವೆ? ಕಣ್ಣಿಗೆ ಕಾಣುವ ಕುರುಹು ಬೇಡವೆ?” ಎಂದು ಕೆಲವರು ಆಕ್ಷೇಪಿಸಬಹುದು. ಬೇಕು, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಹುಮನಾಬಾದಿನ ಮಗ್ಗುಲಲ್ಲೇ ಮಾಣಿಕನಗರವಿದೆ. ಮಾಣಿಕಪ್ರಭುಗಳು 1865ರಲ್ಲಿ ಸಮಾಧಿಸ್ಥರಾದರು. ಅವರು ಬೋಧಿಸಿದ ಸಕಲಮತ ಸಿದ್ಧಾಂತವು ಬರಿಯ ಕಲ್ಲಿನಲ್ಲಿ ಹುದುಗಿಹೋಗಿಲ್ಲ. ಹಿಂದೂ ಮುಸಲ್ಮಾನರಿಬ್ಬರೂ ಆ ಬಾಗಿಲಿಗೆ ನಡೆದುಕೊಳ್ಳುವರು. ಸಂಗೀತಸೇವೆಯೂ ಅನ್ನದಾನವೂ ಅಲ್ಲಿ ನಡೆದು ಬಂದಿವೆ. ಸಮಾಧಿಯ ಸುತ್ತ ಸಿದ್ಧಾಂತವು ನಡೆಯುತ್ತಿದ್ದರೆ ಆ ಸಮಾಧಿಗೆ ಜೀವವುಂಟು. ಸಿದ್ಧಾಂತವನ್ನು ಹೊರಗೆ ನಿಲ್ಲಿಸಿ ಒಳಗೆ ಹೋಗುವ ಭಕ್ತಿಗೆ ಮಾತ್ರವೇ ನಮ್ಮ ವಿರೋಧ. ಸ್ಥಾವರಕ್ಕಿಂತ ಜಂಗಮವೇ ಹಿರಿದೆಂದು ಸಾರಿದವರನ್ನು ಸ್ಥಾವರದಲ್ಲಿ ಕಟ್ಟಿಹಾಕುವುದು ಯಾವ ನ್ಯಾಯ?

ಇನ್ನು ಕೆಲವರು, “ಬಸವಣ್ಣನವರಿಗೆ ದೇಶವು ತಕ್ಕ ಮನ್ನಣೆಯನ್ನು ಕೊಟ್ಟಿದೆಯಲ್ಲ” ಎನ್ನುವರು. ಅದೂ ನಿಜವೇ. 2003ರಲ್ಲಿ ಪಾರ್ಲಿಮೆಂಟಿನ ಆವರಣದಲ್ಲಿ ಅವರ ಪ್ರತಿಮೆ ನಿಂತಿತು. 2012ರಲ್ಲಿ ಬಸವಕಲ್ಯಾಣದಲ್ಲಿ 108 ಅಡಿಯ ವಿಗ್ರಹವು ಎದ್ದಿತು. 2021ರಲ್ಲಿ ನೂತನ ಅನುಭವಮಂಟಪಕ್ಕೆ ಅಡಿಗಲ್ಲು ಬಿದ್ದಿತು. 2024ರಲ್ಲಿ ಸರಕಾರವು ಅವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ಇವೆಲ್ಲವೂ ಸಂತೋಷದ ಸಂಗತಿಗಳೇ. ಆದರೆ ವಿಗ್ರಹವು ಎತ್ತರವಾದಷ್ಟೂ ಅದರ ನೆರಳಿನಲ್ಲಿ ಅಡಗಿಕೊಳ್ಳಲು ನಮಗೆ ಹೆಚ್ಚು ಜಾಗ ಸಿಕ್ಕುತ್ತದೆಂಬುದನ್ನು ಮರೆಯಬಾರದು.

ಋಣ ತೀರಿಸುವ ಬಗೆಯನ್ನು ತೋರಿದವರು ನಮ್ಮಲ್ಲಿ ಇಲ್ಲದಿಲ್ಲ. ಫ. ಗು. ಹಳಕಟ್ಟಿಯವರು ಓಲೆಗರಿಗಳನ್ನು ಹುಡುಕುತ್ತ ಊರೂರು ಅಲೆದು, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು. ಮನೆಯನ್ನು ಮಾರಿ ಮುದ್ರಣಾಲಯವನ್ನು ನಡೆಯಿಸಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನಾರಂಭಿಸಿದರು. ಇಂದು ಯಾತ್ರಿಕರು ಬಾಯಿಪಾಠವಾಗಿ ಹೇಳುವ ವಚನಗಳಲ್ಲಿ ಅವರ ಶ್ರಮದ ಪಾಲು ಎಷ್ಟೆಂಬುದನ್ನು ಬಲ್ಲವರೇ ಬಲ್ಲರು. ಹರ್ಡೇಕರ ಮಂಜಪ್ಪನವರು 1913ರಲ್ಲಿ ದಾವಣಗೆರೆಯಲ್ಲಿ ಬಸವಜಯಂತಿಯ ಆಚರಣೆಗೆ ಮೊದಲಿಟ್ಟರು. ಮುಂದೆ ಕೃಷ್ಣೆಯ ದಡದ ಆಲಮಟ್ಟಿಯಲ್ಲಿ ಆಶ್ರಮ ಕಟ್ಟಿ, ಬಸವಣ್ಣನವರ ಕಾಯಕವನ್ನೂ ಗಾಂಧೀಜಿಯವರ ಖಾದಿಯನ್ನೂ ಒಂದೇ ಬಾಳಿನಲ್ಲಿ ಕೂಡಿಸಿ ಬದುಕಿದರು. ಸಂಗಮವು ಆಲಮಟ್ಟಿಗೆ ದೂರವಲ್ಲ. ಅವರು ನೆರೆಯಲ್ಲಿದ್ದ ಸಮಾಧಿಗೆ ಹೂವಿಟ್ಟು ಕೈತೊಳೆದುಕೊಳ್ಳಲಿಲ್ಲ.

ಈಗ ನಮ್ಮ ಸಂಘದ ಸದಸ್ಯರಲ್ಲಿಯೂ ವಾಚಕ ಮಹಾಶಯರಲ್ಲಿಯೂ ಒಂದು ವಿಜ್ಞಾಪನೆ. ಅಂದು ನಮ್ಮ ಬಸ್ಸು ಹುಮನಾಬಾದಿನಿಂದ ನೇರವಾಗಿ ಕಲಬುರಗಿಯ ದಾರಿ ಹಿಡಿಯಿತು. ಒಂದು ತಾಸಿನ ಹಾದಿಯೊಳಗಿದ್ದ ಬಸವಕಲ್ಯಾಣದ ಕಡೆಗೆ ಹೊರಳಲೂ ಇಲ್ಲ. ಮುಂದಿನ ಯಾತ್ರೆಯು ಹಾಗಾಗದಿರಲಿ. ಮೊದಲು ಬಸವಕಲ್ಯಾಣದ ಹರಳಯ್ಯನ ಗವಿಗೆ ಹೋಗೋಣ. ಅಲ್ಲಿ ಎಲ್ಲ ಕೇರಿಗಳವರೂ ಕೂಡಿ ಅಡುಗೆ ಮಾಡಿ, ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣೋಣ. ಊರಿನಲ್ಲಿ ಜಾತಿ ಮೀರಿ ಮದುವೆಯಾದ ದಂಪತಿಗಳಿದ್ದರೆ ಅವರನ್ನು ಆದರದಿಂದ ಕರೆದು ಮೊದಲ ಸಾಲಿನಲ್ಲಿ ಕುಳ್ಳಿರಿಸೋಣ. ಅವರ ಮನೆಯ ಹೊಸ್ತಿಲನ್ನು ತುಳಿಯಲಾರದವನು ಐಕ್ಯಸ್ಥಳದ ಮೆಟ್ಟಿಲನ್ನು ತುಳಿದು ಪಡೆಯುವುದಾದರೂ ಏನು?

ಬಸ್ಸಿನಲ್ಲಿ ಮಾತಿಗೆ ಬಂದ ಆ ಹುಡುಗನ ಮನೆಗೆ ನಾವು ತರುವಾಯ ಹೋದೆವು. ಬಹಳ ತಡವಾಗಿಯೇ ಹೋದೆವು. ಆ ತಾಯಿ ಚಾಪೆ ಹಾಸಿ, ರೊಟ್ಟಿ ಪಲ್ಯ ಬಡಿಸಿ, “ಇಷ್ಟು ದಿನದಾಗ ನಮ್ಮ ಮನಿಗೆ ಉಣ್ಣಾಕ ಬಂದವರು ನೀವೇ ಮೊದಲನೇಯವರ್ರೀ ಅಣ್ಣಾರ” ಎಂದಳು. ಸಂಗಮದಲ್ಲಿ ನೀರು ಬರದಿದ್ದ ನಮ್ಮ ಕಣ್ಣಿಗೆ ಅಲ್ಲಿ ನೀರು ಬಂದಿತು.