ವಕೀಲರಿಗೆ ಎಲ್‌ಎಲ್‌ಎಂ: ಯಾವ ಲೆಕ್ಕದಲ್ಲಿ ಲಾಭ?

ನನ್ನ ತಂಗಿಯ ಮಗಳು ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯದಲ್ಲಿ ವಕೀಲೆ. ಹಿರಿಯರೊಬ್ಬರ ಕಚೇರಿಯಲ್ಲಿ ಐದು ವರ್ಷ ದುಡಿದು, ಈಗೀಗ ತನ್ನ ಹೆಸರಿನಲ್ಲೇ ವಕಾಲತ್ತು ಹಾಕತೊಡಗಿದ್ದಾಳೆ. ಈಚೆಗೆ ಮನೆಗೆ ಬಂದವಳು ‘ಮಾವ, ಎಲ್‌ಎಲ್‌ಎಂ ಮಾಡಲೇ?’ ಎಂದು ಕೇಳಿದಳು. ಕೈಯಲ್ಲಿ ಸಂಸ್ಥೆಯೊಂದರ ಮಾಹಿತಿ ಪುಸ್ತಿಕೆಯಿತ್ತು. ಕಾರ್ಪೊರೇಟ್ ಕಾನೂನಿನಲ್ಲಿ ಸ್ನಾತಕೋತ್ತರ ಪದವಿ, ಆನ್‌ಲೈನ್ ಪಾಠ, ವೃತ್ತಿ ಬಿಡಬೇಕಾಗಿಲ್ಲ ಎಂಬ ಭರವಸೆ. ಶುಲ್ಕದ ಮೊದಲ ಕಂತು ಕಟ್ಟಲು ಒಂದು ವಾರವಷ್ಟೇ ಉಳಿದಿತ್ತು.

‘ಓದಮ್ಮ, ವಿದ್ಯೆ ವ್ಯರ್ಥವಾಗುವುದಿಲ್ಲ’ ಎಂದುಬಿಡುವುದು ಸುಲಭ. ಆದರೆ ಅರ್ಥಶಾಸ್ತ್ರ ಓದಿದವನಿಗೆ ಅಷ್ಟು ಸುಲಭವಾಗಿ ಬಾಯಿ ಬರುವುದಿಲ್ಲ. ಯಾವುದೇ ಆಯ್ಕೆಯ ನಿಜವಾದ ಬೆಲೆ ನಾವು ಕಟ್ಟುವ ಹಣವಲ್ಲ, ಅದಕ್ಕಾಗಿ ಬಿಟ್ಟುಕೊಡುವ ಅವಕಾಶ. ನಾನು ಸೇವೆಯಲ್ಲಿದ್ದಾಗ ಸಹೋದ್ಯೋಗಿಗಳು ಅಧ್ಯಯನ ರಜೆಯ ಮೇಲೆ ಹೋಗಿ ಬರುತ್ತಿದ್ದರು. ಮರಳಿ ಬಂದಾಗ ಅವರಿಗೆ ಹುದ್ದೆಯಿರುತ್ತಿತ್ತು, ಸೇವಾ ಹಿರಿತನವೂ ಇರುತ್ತಿತ್ತು. ವಕೀಲರಿಗೆ ಅಂತಹ ರಜೆಯಿಲ್ಲ. ಕಕ್ಷಿದಾರ ಒಂದು ವರ್ಷ ಕಾಯುವುದಿಲ್ಲ, ಮುಂದಿನ ತಾರೀಖಿಗೇ ಬೇರೊಬ್ಬರ ಕಚೇರಿಯ ಮೆಟ್ಟಿಲು ಹತ್ತುತ್ತಾನೆ. ಸ್ವಂತ ಕಕ್ಷಿದಾರರು ಬರತೊಡಗುವ ಐದನೆಯ, ಆರನೆಯ ವರ್ಷದಲ್ಲಿ ವೃತ್ತಿಯಿಂದ ದೂರವಿರುವುದು ದುಬಾರಿ ಬಾಬತ್ತು.

ಇಷ್ಟು ಬೆಲೆ ತೆತ್ತು ಪಡೆಯುವುದೇನು? ನ್ಯಾಯಾಲಯದ ಒಳಗೆ, ಹೆಚ್ಚೇನಿಲ್ಲ. 1961ರ ವಕೀಲರ ಕಾಯ್ದೆಯ ಪ್ರಕಾರ ಸನ್ನದಿಗೆ ಕಾನೂನು ಪದವಿ ಸಾಕು. ಸ್ನಾತಕೋತ್ತರ ಪದವಿ ವಾದಿಸುವ ಹಕ್ಕನ್ನು ಎಳ್ಳಷ್ಟೂ ಹೆಚ್ಚಿಸುವುದಿಲ್ಲ. ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷಗಳ ವಕೀಲಿ ಅನುಭವ ಕಡ್ಡಾಯವೆಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿತು; ಅದು ಕೇಳಿದ್ದು ಅನುಭವವನ್ನು, ಇನ್ನೊಂದು ಪದವಿಯನ್ನಲ್ಲ. ಹಿರಿಯ ವಕೀಲರ ಪದನಾಮಕ್ಕಾಗಿ 2017ರಲ್ಲಿ ಜಾರಿಗೆ ಬಂದು, 2025ರಲ್ಲಿ ಕೈಬಿಡಲಾದ ಅಂಕ ಪದ್ಧತಿಯಲ್ಲೂ ಎಲ್‌ಎಲ್‌ಎಂಗೆಂದು ಪ್ರತ್ಯೇಕ ಅಂಕಗಳಿರಲಿಲ್ಲ.

ನ್ಯಾಯಾಲಯದ ಹೊರಗಿನ ಮಾತು ಬೇರೆ. ಕಾನೂನು ಬೋಧಿಸುವ ಆಸೆಯುಳ್ಳವರಿಗೆ ಈ ಪದವಿ ಅನಿವಾರ್ಯ. ಸಹಾಯಕ ಪ್ರಾಧ್ಯಾಪಕರಾಗಲು ಸಾಮಾನ್ಯವಾಗಿ ಶೇ 55 ಅಂಕಗಳ ಸ್ನಾತಕೋತ್ತರ ಪದವಿಯ ಜೊತೆಗೆ ಎನ್‌ಇಟಿ ಅಥವಾ ಕೆ–ಸೆಟ್ ಅರ್ಹತೆ ಬೇಕು. ಕಂಪನಿಗಳ ಕಾನೂನು ವಿಭಾಗಕ್ಕೆ ಹೊರಳುವವರಿಗೂ ಪ್ರತಿಷ್ಠಿತ ಸಂಸ್ಥೆಯ ಪದವಿ ನೆರವಾಗಬಹುದು. ಅಭ್ಯರ್ಥಿಯ ಸಾಮರ್ಥ್ಯವನ್ನು ನೇರವಾಗಿ ಅಳೆಯಲಾಗದ ಉದ್ಯೋಗದಾತ ಪದವಿಯನ್ನೇ ಸಂಕೇತವಾಗಿ ಓದುತ್ತಾನೆ ಎಂದು ಅರ್ಥಶಾಸ್ತ್ರಜ್ಞ ಮೈಕೆಲ್ ಸ್ಪೆನ್ಸ್ 1973ರಲ್ಲೇ ವಿವರಿಸಿದ್ದರು.

ಹಾಗೆಂದು ಆಳವಾದ ಓದು ವಕೀಲರಿಗೆ ಬೇಡವೆನ್ನಲಾರೆ. ಹೊಸ ಭೂಸ್ವಾಧೀನ ಕಾಯ್ದೆ 2014ರ ಜನವರಿ 1ರಂದು ಜಾರಿಗೆ ಬಂದಾಗ ನಾನು ಸೇವೆಯಲ್ಲಿದ್ದೆ. ಐತೀರ್ಪಾಗಿ ಐದು ವರ್ಷ ಕಳೆದಿದ್ದು, ಜಮೀನು ಸ್ವಾಧೀನಕ್ಕೆ ಬಂದಿಲ್ಲದಿದ್ದರೆ ‘ಅಥವಾ’ ಪರಿಹಾರ ಪಾವತಿಯಾಗಿಲ್ಲದಿದ್ದರೆ ಹಳೆಯ ಪ್ರಕ್ರಿಯೆ ರದ್ದು ಎನ್ನುತ್ತಿತ್ತು 24ನೇ ಸೆಕ್ಷನ್. ಆ ಒಂದು ‘ಅಥವಾ’ ಹಲವು ಯೋಜನೆಗಳನ್ನು ತೂಗುಯ್ಯಾಲೆಯಲ್ಲಿ ನಿಲ್ಲಿಸಿತು. ಅದನ್ನು ‘ಮತ್ತು’ ಎಂಬ ಅರ್ಥದಲ್ಲಿ ಓದಬೇಕೆಂದು ಸಂವಿಧಾನ ಪೀಠ ತೀರ್ಮಾನಿಸಿದ್ದು 2020ರಲ್ಲಿ. ಅದಕ್ಕೆ ವರ್ಷಗಳ ಮೊದಲೇ, ನಮ್ಮ ಪರ ವಾದಿಸುತ್ತಿದ್ದ ವಕೀಲರೊಬ್ಬರು ಆ ಪದದ ಹಿಂದೆ ಬಿದ್ದು, ಹಳೆಯ ತೀರ್ಪುಗಳನ್ನೆಲ್ಲ ಜಾಲಾಡಿ ಟಿಪ್ಪಣಿ ಸಿದ್ಧಪಡಿಸಿದ್ದರು. ಅವರಿಗೆ ಎಲ್‌ಎಲ್‌ಎಂ ಇರಲಿಲ್ಲ, ಬಿಡಿಸಲೇಬೇಕಾದ ಪ್ರಶ್ನೆಯೊಂದಿತ್ತು. ಪ್ರಶ್ನೆ ಇಟ್ಟುಕೊಂಡು ಹೋದವರಿಗೆ ಎಲ್‌ಎಲ್‌ಎಂ ನಿಜಕ್ಕೂ ಕೊಡುಗೆ. ಉತ್ತರ ಹುಡುಕಲು ಸಮಯ, ಗ್ರಂಥಾಲಯ, ತಿದ್ದುವ ಗುರುಗಳು ಅಲ್ಲಿ ಸಿಗುತ್ತಾರೆ.

ಆದ್ದರಿಂದ ಸೊಸೆಗೆ ಒಂದು ಕೆಲಸ ಹೇಳಿದೆ: ಎರಡು ವರ್ಷಗಳ ಕೇಸ್ ಡೈರಿ ತೆಗೆದು, ಯಾವ ಕಡತಗಳಲ್ಲಿ ಕಾನೂನು ತಿಳಿಯದೆ ತಡವರಿಸಿದೆ ಎಂದು ಪಟ್ಟಿ ಮಾಡು. ಪಟ್ಟಿಯಲ್ಲಿ ಬಹುಪಾಲು ಇದ್ದುದು ಪಾಲುವಿಭಾಗದ ದಾವೆಗಳು, ಹೆಣ್ಣುಮಕ್ಕಳ ಆಸ್ತಿ ಹಕ್ಕಿನ ತಕರಾರುಗಳು. ಕಂಪನಿ ವ್ಯವಹಾರ ಒಂದೂ ಇರಲಿಲ್ಲ. ‘ಹಾಗಾದರೆ ಕಾರ್ಪೊರೇಟ್ ಕಾನೂನು ಏಕೆ?’ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: ‘ನಮ್ಮ ಮನೆಯಲ್ಲಿ ವಕೀಲರು ಯಾರೂ ಇಲ್ಲ ಮಾವ. ದೊಡ್ಡ ವಕೀಲರ ಮಕ್ಕಳಿಗೆ ಅಪ್ಪನ ಹೆಸರಿದೆ. ನನಗೆ ಇನ್ನೊಂದು ಪದವಿಯಾದರೂ ಇರಲಿ ಅನ್ನಿಸಿತು.’

ಈ ಮಾತಿಗೆ ನನ್ನ ಅರ್ಥಶಾಸ್ತ್ರದಲ್ಲಿ ಸಿದ್ಧ ಉತ್ತರವಿರಲಿಲ್ಲ. ಕಿರಿಯರನ್ನು ಬೆಳೆಸುವ ವ್ಯವಸ್ಥೆ ವೃತ್ತಿಯೊಳಗೇ ಇದ್ದಿದ್ದರೆ ಅವರು ಮನ್ನಣೆಗಾಗಿ ಪದವಿಯ ಮೊರೆ ಹೋಗಬೇಕಾಗಿರಲಿಲ್ಲ. ಕಿರಿಯ ವಕೀಲರಿಗೆ ನಗರಗಳಲ್ಲಿ ತಿಂಗಳಿಗೆ ₹20,000, ಗ್ರಾಮೀಣ ಪ್ರದೇಶಗಳಲ್ಲಿ ₹15,000 ಕೊಡಬೇಕೆಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಸೂಚಿಸಿತಾದರೂ ಅದು ಸಲಹೆಯಷ್ಟೇ. ಸ್ನಾತಕೋತ್ತರ ಶಿಕ್ಷಣದ ವಿಷಯದಲ್ಲೂ ಗೊಂದಲವಿದೆ. ಯುಜಿಸಿ 2012ರಲ್ಲಿ ಒಂದು ವರ್ಷದ ಎಲ್‌ಎಲ್‌ಎಂಗೆ ದಾರಿ ಮಾಡಿತು. ಅದನ್ನು ನಿಲ್ಲಿಸುವ ಪರಿಷತ್ತಿನ ನಿಯಮಗಳು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದವು. ತನ್ನ ಪೂರ್ವಾನುಮತಿಯಿಲ್ಲದ ಆನ್‌ಲೈನ್, ದೂರಶಿಕ್ಷಣ ಎಲ್‌ಎಲ್‌ಎಂಗಳಿಗೆ ಮಾನ್ಯತೆಯಿಲ್ಲವೆಂದು ಪರಿಷತ್ತು 2025ರಲ್ಲಿ ಎಚ್ಚರಿಸಿತು. ಸೊಸೆಯ ಕೈಯಲ್ಲಿದ್ದ ಪುಸ್ತಿಕೆಯಲ್ಲಿ ಆ ಅನುಮತಿಯ ಪ್ರಸ್ತಾಪವೇ ಇರಲಿಲ್ಲ. ಕೆಲಸ ಬಿಡಲಾಗದವರನ್ನೇ ಗುರಿಯಾಗಿಸಿದ ಕೋರ್ಸಿನಲ್ಲಿ ಅವರಿಗೆ ಎಲ್ಲಕ್ಕಿಂತ ಅಗತ್ಯವಾದ ಮಾಹಿತಿಯೇ ಕಾಣೆಯಾಗಿತ್ತು.

ವೃತ್ತಿನಿರತರಿಗಾಗಿ ಸಂಜೆ ಅಥವಾ ವಾರಾಂತ್ಯದ, ಮಾನ್ಯತೆಯ ಬಗ್ಗೆ ಸಂದೇಹವಿಲ್ಲದ ಎಲ್‌ಎಲ್‌ಎಂ ರೂಪಿಸುವುದು ಅಸಾಧ್ಯವೇನಲ್ಲ. ಹುಬ್ಬಳ್ಳಿಯ ರಾಜ್ಯ ಕಾನೂನು ವಿಶ್ವವಿದ್ಯಾಲಯ, ಯುಜಿಸಿ ಮತ್ತು ವಕೀಲರ ಪರಿಷತ್ತು ಒಂದೆಡೆ ಕುಳಿತು ಮಾತಾಡಬೇಕು. ಅಲ್ಲಿಯವರೆಗೆ ಯುವ ವಕೀಲರು ಮಾನ್ಯತೆಯನ್ನು ಲಿಖಿತವಾಗಿ ಖಚಿತಪಡಿಸಿಕೊಳ್ಳದೆ ಒಂದು ರೂಪಾಯಿಯನ್ನೂ ಕಟ್ಟಬಾರದು. ವಿಷಯವನ್ನು ತಮ್ಮ ಕಡತಗಳಿಂದಲೇ ಆರಿಸಿಕೊಳ್ಳಬೇಕು.

ಸೊಸೆ ಆ ಕಂತು ಕಟ್ಟಲಿಲ್ಲ. ಎಲ್‌ಎಲ್‌ಎಂ ಆಸೆಯನ್ನೂ ಬಿಟ್ಟಿಲ್ಲ. ‘ಎರಡು ವರ್ಷ ಆಸ್ತಿ ಹಕ್ಕಿನ ಕೇಸುಗಳನ್ನೇ ನೆಚ್ಚಿ ನಡೆಸುತ್ತೇನೆ, ಆಮೇಲೂ ಪ್ರಶ್ನೆಗಳು ಉಳಿದರೆ ತರಗತಿಗೆ ಹೋಗುತ್ತೇನೆ’ ಎಂದಿದ್ದಾಳೆ. ಪ್ರಶ್ನೆಗಳು ಉಳಿದೇ ಉಳಿಯುತ್ತವೆ. ಆಗ ಅವಳು ಕಟ್ಟುವ ಶುಲ್ಕ ವೆಚ್ಚದ ಕಲಮಿಗೆ ಸೇರದು, ಹೂಡಿಕೆಯಾದೀತು.